ಒಂದೇ ಕಂಪನಿ, ನಾಲ್ಕು ಮುಖ: ಏರ್ ಇಂಡಿಯಾ ಲಾಂಛನದ ಗೊಂದಲ

ರಾಯಚೂರಿನವರಿಗೆ ವಿಮಾನವೆಂದರೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣ. ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು, ಇಲ್ಲವೇ ಹುಬ್ಬಳ್ಳಿ. ಹೀಗೆ ದೂರದ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತುವ ಈ ಭಾಗದ ಪ್ರಯಾಣಿಕರು ಕಳೆದ ಎರಡು ಮೂರು ವರ್ಷಗಳಿಂದ ಒಂದು ವಿಚಿತ್ರ ಕಾಣುತ್ತಿದ್ದಾರೆ. ಟಿಕೆಟಿನಲ್ಲಿ ಏರ್ ಇಂಡಿಯಾ ಎಂದಿರುತ್ತದೆ. ಎದುರಿಗೆ ನಿಂತ ವಿಮಾನದ ಬಾಲದಲ್ಲಿ ಕೆಲವೊಮ್ಮೆ ಕೆಂಪು ಹಂಸ, ಕೆಲವೊಮ್ಮೆ ಚಿನ್ನದ ಬಣ್ಣದ ಕಿಟಕಿ ಚೌಕಟ್ಟು. 2024ರ ನವೆಂಬರ್ ನಂತರ ಕೆಲಕಾಲ, ಆಗಷ್ಟೇ ಏರ್ ಇಂಡಿಯಾದಲ್ಲಿ ವಿಲೀನವಾದ ‘ವಿಸ್ತಾರ’ ಕಂಪನಿಯ ನೇರಳೆ ವಿಮಾನವೂ ಇದೇ ಹೆಸರಿನಲ್ಲಿ ಹಾರಿತು. ಪಕ್ಕದಲ್ಲಿ ಬಾಂಧನಿ ಸೀರೆಯ ಚಿತ್ತಾರ ಹೊತ್ತ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಹಳೆಯ ವಿಮಾನಗಳು ಒಂದೊಂದಾಗಿ ಹೊಸ ಬಣ್ಣದಲ್ಲಿ ಹೊರಬರುತ್ತಿರುವ ಸುದ್ದಿ ಬಂದಾಗಲೆಲ್ಲ ಅದೇ ಪ್ರಶ್ನೆ ಏಳುತ್ತದೆ: ಇವೆಲ್ಲ ಒಂದೇ ಕಂಪನಿಯೇ? ಹಾಗಿದ್ದರೆ ಇಷ್ಟು ವೇಷ ಏಕೆ? ಏರ್ ಇಂಡಿಯಾ ಜಾಹೀರಾತುಗಳ ಆ ಮೀಸೆಯ ಮಹಾರಾಜ ಎಲ್ಲಿ ಹೋದ?

ಲಾಂಛನ ಬದಲಾದಾಗ ಚರ್ಚೆಯೆಲ್ಲ ಚೆಂದದ ಸುತ್ತಲೇ ಸುತ್ತುತ್ತದೆ. ಹಳೆಯದು ಚೆನ್ನಾಗಿತ್ತು, ಹೊಸದು ಸಪ್ಪೆ ಎನ್ನುವುದರಲ್ಲಿ ಮಾತು ಮುಗಿಯುತ್ತದೆ. ಆದರೆ ವಿಮಾನ ಕಂಪನಿಗಳ ಇತಿಹಾಸದಲ್ಲಿ ಚೆಂದಕ್ಕಾಗಿಯೇ ಲಾಂಛನ ಬದಲಾದದ್ದು ಅಪರೂಪ. ಮಾಲೀಕ ಬದಲಾಗಿರುತ್ತಾನೆ, ಎರಡು ಕಂಪನಿಗಳು ಕೂಡಿರುತ್ತವೆ, ಸರ್ಕಾರದ ಯಾವುದೋ ನಿಯಮ ಒತ್ತಿರುತ್ತದೆ; ಬಣ್ಣ ಅದರ ಹಿಂದೆ ಬರುತ್ತದೆ. ಏರ್ ಇಂಡಿಯಾದ ಕಥೆಯೂ ಹಾಗೆಯೇ ಇದೆ.

ಬಿಲ್ಲುಗಾರ ಮತ್ತು ಚಕ್ರ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಟಾಟಾ ಏರ್‌ಲೈನ್ಸ್ ಹುಟ್ಟಿದ್ದು ಹಾಗೆ. 1946ರಲ್ಲಿ ಅದು ಏರ್ ಇಂಡಿಯಾ ಎಂಬ ಪಬ್ಲಿಕ್ ಲಿಮಿಟೆಡ್ ಕಂಪನಿಯಾಯಿತು. 1948ರ ಜೂನ್‌ನಲ್ಲಿ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬೈಯಿಂದ ಲಂಡನ್ನಿಗೆ ಹಾರಿತು. ಈ ಕಾಲದ ಲಾಂಛನ ಧನುರಾಶಿಯ ಬಿಲ್ಲುಗಾರ: ಸೊಂಟದ ಮೇಲೆ ಮನುಷ್ಯ, ಕೆಳಗೆ ಕುದುರೆ, ಕೈಯಲ್ಲಿ ಎಳೆದ ಬಿಲ್ಲು, ಸುತ್ತ ಕೋನಾರ್ಕದ ಚಕ್ರವನ್ನು ಸೂಚಿಸುವ ವೃತ್ತ. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣವಾಗಿ ಕಂಪನಿ ಸರ್ಕಾರದ ಕೈಗೆ ಹೋದರೂ ಬಿಲ್ಲುಗಾರ ಉಳಿದ. ಐದು ದಶಕಕ್ಕೂ ಮೀರಿ ಬಾಳಿದ ಗುರುತು ಅದು.

1971ರಲ್ಲಿ ಜಂಬೋ ಜೆಟ್ ಬೋಯಿಂಗ್ 747 ಬಂದಿತು. ಮೊದಲನೆಯದರ ಹೆಸರು ‘ಎಂಪರರ್ ಅಶೋಕ’. ಆಗ ವಿಮಾನದ ಪ್ರತಿ ಕಿಟಕಿಯ ಸುತ್ತ ಕೆಂಪು ಬಣ್ಣದಲ್ಲಿ ರಾಜಸ್ಥಾನದ ಝರೋಕದ, ಅಂದರೆ ಅರಮನೆಯ ಹೊರಚಾಚಿದ ಕಿಟಕಿಯ, ಕಮಾನು ಬರೆಯಲಾಯಿತು. ಆಕಾಶದಲ್ಲೊಂದು ಅರಮನೆ ಎನ್ನುವುದು ಅದರ ಭಾವ. ಹಂಪಿಯ ಕಮಲ ಮಹಲಿನ ಕಮಾನುಗಳನ್ನು ನೋಡಿ ಬೆಳೆದವರಿಗೆ ಇದರ ಹಿಂದಿನ ಯೋಚನೆಯನ್ನು ವಿವರಿಸಬೇಕಾಗಿಲ್ಲ: ಕಲ್ಲಿನಲ್ಲಿ ಕಂಡದ್ದು ಲೋಹದ ಮೇಲೆ ಬಂದಿದೆ, ಅಷ್ಟೇ. ಲಾಂಛನಕ್ಕಿಂತಲೂ ಜನರ ಕಣ್ಣಿನಲ್ಲಿ ನಿಂತದ್ದು ಈ ಕೆಂಪು ಕಿಟಕಿಗಳ ಸಾಲು.

1989ರಲ್ಲಿ ಇದನ್ನು ಬದಲಿಸಲು ಹೊರಟ ಸಾಹಸ ಕೈಕೊಟ್ಟಿತು. ಗಾಢ ಕೆಂಪು ಬಾಲ, ಅದರ ಮೇಲೆ ಚಿನ್ನದ ಬಣ್ಣದ ಚಕ್ರ. ಕೆಲವು ವಿಮಾನಗಳಿಗೆ ಬಳಿದೂ ಆಯಿತು. ಪ್ರಯಾಣಿಕರು ಗೊಣಗಿದರು, ಕಂಪನಿ ಹಳೆಯದಕ್ಕೇ ಮರಳಿತು. ಆ ಬಾರಿ ಮಾಲೀಕ ಬದಲಾಗಿರಲಿಲ್ಲ, ಯಾವ ವಿಲೀನವೂ ನಡೆದಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳಗಿನಿಂದ ಒತ್ತುವ ಕಾರಣವಿಲ್ಲದ ಬದಲಾವಣೆ ಜನರ ಅಸಮಾಧಾನದ ಎದುರು ನಿಲ್ಲಲಾರದು.

ಮಹಾರಾಜ ಲಾಂಛನವಲ್ಲ

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ದೊಡ್ಡ ಮೀಸೆ, ಪಟ್ಟೆ ರುಮಾಲು, ಎದೆಯ ಮೇಲೆ ಕೈಯಿಟ್ಟು ಬಾಗಿ ನಮಿಸುವ ಮಹಾರಾಜ ಎಂದೂ ಏರ್ ಇಂಡಿಯಾದ ಲಾಂಛನವಾಗಿರಲಿಲ್ಲ. 1946ರಲ್ಲಿ ಕಂಪನಿಯ ಬಾಬಿ ಕೂಕಾ ಮತ್ತು ಜಾಹೀರಾತು ಸಂಸ್ಥೆಯ ಕಲಾವಿದ ಉಮೇಶ್ ರಾವ್ ಸೇರಿ ಹುಟ್ಟಿಸಿದ ಪಾತ್ರ ಅದು. ಜಾಹೀರಾತು, ಪೋಸ್ಟರ್, ಟಿಕೆಟ್ ಕಚೇರಿಯ ಮೇಜುಗಳ ನಿವಾಸಿ. ರೋಮಿಗೆ ಹೋದರೆ ಒಂದು ವೇಷ, ಟೋಕಿಯೋಗೆ ಹೋದರೆ ಇನ್ನೊಂದು. ಲಾಂಛನ ಎಲ್ಲೆಡೆ ಒಂದೇ ರೀತಿ ಕಾಣಬೇಕು, ಪಾತ್ರ ಎಲ್ಲೆಡೆ ಬೇರೆ ಬೇರೆ ಕಾಣಬಹುದು. ಇವೆರಡರ ಕೆಲಸವೇ ಬೇರೆ. ಹೊಸ ಲಾಂಛನ ಬಂದಾಗ ‘ಮಹಾರಾಜನನ್ನು ಓಡಿಸಿದರು’ ಎಂದು ಹುಯಿಲೆದ್ದದ್ದು ಈ ಎರಡನ್ನು ಕಲಸಿಕೊಂಡದ್ದರಿಂದ. ನಿಜದಲ್ಲಿ ಅವನು ಹೋಗಿಲ್ಲ. ಮೇಲ್ದರ್ಜೆಯ ಸೇವೆಗೆ ಸೀಮಿತನಾಗಿದ್ದಾನೆ. ಪದೇ ಪದೇ ಹಾರುವವರಿಗಾಗಿ ಇದ್ದ ಸದಸ್ಯತ್ವ ಯೋಜನೆಗೆ ಈಗ ‘ಮಹಾರಾಜ ಕ್ಲಬ್’ ಎಂದು ಹೆಸರು. ಪ್ರಜೆಗಳೆಲ್ಲರ ಮುಂದೆ ಬಾಗುತ್ತಿದ್ದವನು ಈಗ ಕೆಲವರಿಗಷ್ಟೇ ಬಾಗುತ್ತಾನೆ ಎಂದು ಬೇಕಾದರೆ ಕುಟುಕಬಹುದು.

ಎರಡು ವರ್ಷದಲ್ಲಿ ಎರಡು ಸಲ ಬಣ್ಣ

ದೇಶದೊಳಗೆ ಹಾರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ಬೇರೆಯೇ ಸರ್ಕಾರಿ ಕಂಪನಿ. 2005ರ ಡಿಸೆಂಬರಿನಲ್ಲಿ ಅದು ತನ್ನ ಹೆಸರನ್ನು ‘ಇಂಡಿಯನ್’ ಎಂದು ಮೊಟಕುಗೊಳಿಸಿ, ಕೋನಾರ್ಕ ಚಕ್ರದ ಒಂದು ಭಾಗವನ್ನು ಬಾಲಕ್ಕೆ ಏರಿಸಿತು. ಷೇರು ಪೇಟೆಗೆ ಬರುವ ಮೊದಲು ಮುಖ ತೊಳೆದುಕೊಳ್ಳುವ ಉದ್ದೇಶ. ಆದರೆ 2007ರಲ್ಲಿ ಸರ್ಕಾರ ಎರಡೂ ಕಂಪನಿಗಳನ್ನು ಒಂದು ಮಾಡಿತು. ಆ ಮೇ ತಿಂಗಳಲ್ಲಿ ಹೊಸ ಲಾಂಛನ ಹೊರಬಂದಿತು: ಹಾರುವ ಕೆಂಪು ಹಂಸ, ಅದರೊಳಗೆ ಕಿತ್ತಳೆ ಬಣ್ಣದ ಕೋನಾರ್ಕ ಚಕ್ರ. ಏರ್ ಇಂಡಿಯಾದ ಕಡೆಯಿಂದ ಕೆಂಪು, ಇಂಡಿಯನ್ ಕಡೆಯಿಂದ ಕಿತ್ತಳೆ ಮತ್ತು ಚಕ್ರ. ಎರಡು ಮನೆಯವರಿಗೂ ಬೇಸರವಾಗದ ಹಾಗೆ ಮಾಡಿದ ರಾಜಿ ಅದು, ರಾಜಿಯ ಹಾಗೆಯೇ ಕಾಣುತ್ತಿತ್ತು. ಹಿಂದಿನ ಬಣ್ಣವೇ ಪೂರ್ತಿ ಬಳಿದಾಗಿರದ ‘ಇಂಡಿಯನ್’ ವಿಮಾನಗಳು ಮತ್ತೆ ಬಣ್ಣದ ಶೆಡ್ಡಿಗೆ ಹೋದವು.

ಹಂಸ ಏರ್ ಇಂಡಿಯಾಕ್ಕೆ ಹೊಸದಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. 1967ರಲ್ಲಿ ಸಾಲ್ವಡೋರ್ ಡಾಲಿ ಕಂಪನಿಗಾಗಿ ಒಂದು ಬೂದಿಬಟ್ಟಲು ವಿನ್ಯಾಸ ಮಾಡಿಕೊಟ್ಟಿದ್ದ. ಅದರಲ್ಲಿನ ಹಂಸವನ್ನು ತಲೆಕೆಳಗಾಗಿಸಿದರೆ ಆನೆ, ಆನೆಯನ್ನು ತಿರುಗಿಸಿದರೆ ಹಂಸ. ಸಂಭಾವನೆಯಾಗಿ ಡಾಲಿ ಕೇಳಿದ್ದು ಆನೆಮರಿ; ಅದನ್ನು ಬೆಂಗಳೂರಿನಿಂದ ವಿಮಾನದಲ್ಲಿ ಕಳುಹಿಸಲಾಯಿತು.

ಹೊರಗಿನ ಬಣ್ಣ ಒಂದಾದರೂ ಒಳಗೆ ಎರಡು ಕಂಪನಿಗಳು ಬಹುಕಾಲ ಎರಡಾಗಿಯೇ ಉಳಿದವು. ಇಂಡಿಯನ್ ಏರ್‌ಲೈನ್ಸಿನ ‘ಐಸಿ’ ಎಂಬ ವಿಮಾನ ಸಂಕೇತ ರದ್ದಾಗಿ ಎಲ್ಲವೂ ‘ಎಐ’ ಆದದ್ದು 2011ರ ಫೆಬ್ರುವರಿಯಲ್ಲಿ. ಲಾಂಛನ ಬಂದು ಆಗಲೇ ನಾಲ್ಕು ವರ್ಷ ಸಮೀಪಿಸಿತ್ತು. ಲಾಂಛನವನ್ನು ನಂಬಿದವರಿಗೆ ವಿಲೀನ ಮುಗಿದಂತೆ ಕಾಣುತ್ತಿತ್ತು. ಸಂಕೇತವನ್ನು ನೋಡಿದವರಿಗೆ ನಿಜ ಗೊತ್ತಿತ್ತು.

ಚಿನ್ನದ ಕಿಟಕಿ ಬಂದ ಬಗೆ

2021ರ ಅಕ್ಟೋಬರಿನಲ್ಲಿ ಟಾಟಾ ಸಮೂಹ 18,000 ಕೋಟಿ ರೂಪಾಯಿಯ ಬಿಡ್ ಗೆದ್ದಿತು. ಅದರಲ್ಲಿ 15,300 ಕೋಟಿ ಹಳೆಯ ಸಾಲದ ಹೊರೆ, 2,700 ಕೋಟಿ ಸರ್ಕಾರಕ್ಕೆ ನಗದು. 2022ರ ಜನವರಿ 27ರಂದು ಹಸ್ತಾಂತರವಾಯಿತು. 2023ರ ಆಗಸ್ಟ್ 10ರಂದು ಹೊಸ ಲಾಂಛನ: ಹೆಸರು ‘ವಿಸ್ಟಾ’. ಹಳೆಯ ಝರೋಕ ಕಿಟಕಿಯ ಚೌಕಟ್ಟಿನ ತುದಿಯನ್ನು ಮಾತ್ರ ಎತ್ತಿಕೊಂಡು ಮಾಡಿದ ಚಿನ್ನದ ಗೆರೆ. ಬಣ್ಣಗಳು ಗಾಢ ಕೆಂಪು, ಬದನೆಕಾಯಿ ನೇರಳೆ, ಚಿನ್ನ. ವಿನ್ಯಾಸ ಮಾಡಿದ್ದು ಫ್ಯೂಚರ್‌ಬ್ರ್ಯಾಂಡ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ. ಈ ವೇಷದಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲ ಏರ್‌ಬಸ್ ಎ350 ವಿಮಾನ 2024ರ ಜನವರಿ 22ರಂದು ಹೊರಟದ್ದು ಬೆಂಗಳೂರಿನಿಂದ, ಮುಂಬೈಗೆ.

ಆ ನೇರಳೆ ಎಲ್ಲಿಂದ ಬಂತು? ಏರ್ ಇಂಡಿಯಾದ ಇತಿಹಾಸದಲ್ಲಿ ಅದಕ್ಕೆ ಬೇರಿಲ್ಲ. ಆದರೆ ಟಾಟಾ ಮತ್ತು ಸಿಂಗಪುರ ಏರ್‌ಲೈನ್ಸ್ ಜಂಟಿಯಾಗಿ ನಡೆಸುತ್ತಿದ್ದ ವಿಸ್ತಾರದ ಬಣ್ಣ ನೇರಳೆ ಮತ್ತು ಚಿನ್ನವೇ ಆಗಿತ್ತು. ಎರಡೂ ಒಂದಾಗಲಿವೆ ಎಂದು 2022ರ ನವೆಂಬರಿನಲ್ಲೇ ಘೋಷಣೆಯಾಗಿತ್ತು. 2007ರಲ್ಲಿ ಚಕ್ರವನ್ನು ಹಂಸದೊಳಗೆ ಕೂರಿಸಿದ ಹಾಗೆಯೇ ಈ ಬಾರಿ ಇನ್ನೊಂದು ಕಂಪನಿಯ ಬಣ್ಣವನ್ನು ಮುಂಚಿತವಾಗಿಯೇ ಒಳಗೆ ಕರೆದುಕೊಂಡಿದ್ದಾರೆ ಎನ್ನುವುದು ಈ ಲೇಖಕನ ಓದು. 2024ರ ನವೆಂಬರ್ 12ರಂದು ವಿಸ್ತಾರ ಎಂಬ ಹೆಸರು ಅಳಿಯಿತು. ಸಿಂಗಪುರ ಏರ್‌ಲೈನ್ಸಿಗೆ ಏರ್ ಇಂಡಿಯಾದಲ್ಲಿ ಶೇ 25.1ರ ಪಾಲು ಸಿಕ್ಕಿತು.

ಸರಿಯೆನ್ನುವವರು, ಬೇಡವೆನ್ನುವವರು

ವಿರೋಧಿಸುವವರ ವಾದ ಭಾವನೆಯದಷ್ಟೇ ಅಲ್ಲ. ಹೊಸ ವಿಮಾನಗಳಲ್ಲಿ ಕಿಟಕಿಯ ಸುತ್ತಲಿನ ಕೆಂಪು ಕಮಾನುಗಳು ಇಲ್ಲ. ಯಾವ ದೇಶದ ವಿಮಾನವೆಂದು ದೂರದಿಂದಲೇ ಹೇಳುತ್ತಿದ್ದ ಗುರುತು ಅದು. ಅದನ್ನು ತೆಗೆದು, ಅದರದೇ ತುದಿಯನ್ನು ಕತ್ತರಿಸಿ ‘ಪರಂಪರೆ’ ಎಂದು ಬಾಲಕ್ಕೆ ಅಂಟಿಸಿದ್ದಾರೆ, ವಿವರಣೆ ಓದದೆ ಅದು ಕಿಟಕಿ ಎಂದು ಯಾರಿಗೂ ಗೊತ್ತಾಗದು ಎಂಬುದು ಅವರ ಮಾತು. ಈ ಟೀಕೆಯಲ್ಲಿ ಹುರುಳಿದೆ.

ಸಮರ್ಥಕರ ಕಾರಣ ಮೊಬೈಲಿನಲ್ಲಿದೆ. ಬಿಲ್ಲುಗಾರನ ಕಾಲದಲ್ಲಿ ಲಾಂಛನದ ಜಾಗ ವಿಮಾನದ ಮೈ ಮತ್ತು ಕಾಗದದ ಟಿಕೆಟ್. ಈಗ ಹೆಚ್ಚಿನವರು ಮೊದಲು ನೋಡುವುದು ಆ್ಯಪಿನ ಉಗುರಗಲದ ಚೌಕ. ಹಂಸದ ರೆಕ್ಕೆ, ಅದರೊಳಗಿನ ಚಕ್ರ, ಚಕ್ರದ ಅರೆಕಾಲುಗಳು ಆ ಅಳತೆಯಲ್ಲಿ ಬಣ್ಣದ ಮಚ್ಚೆಯಂತೆ ಕಾಣುತ್ತವೆ. ಗೆರೆ ಕಡಿಮೆಯಾದಷ್ಟೂ ಗುರುತು ಉಳಿಯುತ್ತದೆ. ಹೊಸ ವಿನ್ಯಾಸಗಳು ಬೋಳಾಗಿ ಕಾಣಲು ಇದೊಂದು ಮುಖ್ಯ ಕಾರಣ, ಇಷ್ಟಪಡುವುದು ಬಿಡುವುದು ಬೇರೆ ಮಾತು.

ಹೊರದೇಶಗಳಲ್ಲಿ ಎರಡೂ ಬಗೆಯ ಫಲಿತಾಂಶ ಕಂಡಿದೆ. ಬ್ರಿಟಿಷ್ ಏರ್‌ವೇಸ್ 1997ರಲ್ಲಿ ಬಾಲದ ಮೇಲಿನ ಬ್ರಿಟನ್ನಿನ ಧ್ವಜವನ್ನು ತೆಗೆದು ಲೋಕದ ನಾನಾ ಭಾಗಗಳ ಜನಪದ ಚಿತ್ತಾರಗಳನ್ನು ಬರೆಸಿತು. ಮಾಜಿ ಪ್ರಧಾನಿ ಮಾರ್ಗರೇಟ್ ಥ್ಯಾಚರ್ ಆ ವಿಮಾನದ ಮಾದರಿಯೊಂದರ ಬಾಲಕ್ಕೆ ಕರವಸ್ತ್ರ ಮುಚ್ಚಿ ತಮ್ಮ ಅಭಿಪ್ರಾಯ ತಿಳಿಸಿದರು. 1999ರಲ್ಲಿ ಯೋಜನೆ ನಿಂತಿತು, ಧ್ವಜ ಮರಳಿತು. ಲುಫ್ತಾನ್ಸಾದ್ದು ತದ್ವಿರುದ್ಧ ದಾರಿ. 1918ರಲ್ಲಿ ಓಟ್ಟೋ ಫಿರ್ಲೆ ಬರೆದ ಕೊಕ್ಕರೆಯೇ ಇಂದಿಗೂ ಅದರ ಗುರುತು. 2018ರಲ್ಲಿ ಬಾಲದ ಹಳದಿಯನ್ನು ತೆಗೆದು ಗಾಢ ನೀಲಿ ಮಾಡಿದರೂ ಕೊಕ್ಕರೆಯನ್ನು ಕೈಬಿಡಲಿಲ್ಲ. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ತನ್ನ ಹೊಳೆಯುವ ಬರಿ ಅಲ್ಯೂಮಿನಿಯಂ ಮೈಯನ್ನು ಕೈಬಿಟ್ಟದ್ದಕ್ಕೆ ತಾಂತ್ರಿಕ ಕಾರಣವೇ ಇತ್ತು: ಬೋಯಿಂಗ್ 787ರ ಮೈ ಇಂಗಾಲದ ನಾರಿನದು, ಅದಕ್ಕೆ ಬಣ್ಣ ಬಳಿಯದೆ ಬಿಡುವಂತಿಲ್ಲ. ಅಲ್ಲಿಯೂ ಹೊಸ ಗುರುತು ಮಾಡಿಕೊಟ್ಟದ್ದು ಇದೇ ಫ್ಯೂಚರ್‌ಬ್ರ್ಯಾಂಡ್.

ಇನ್ನು ಗರುಡನನ್ನೇ ಹೆಸರಾಗಿಸಿಕೊಂಡ ಇಂಡೊನೇಷ್ಯಾದ ಕಂಪನಿಯಿದೆ. ಕೊಪ್ಪಳ ಪಕ್ಕದ ಕಿನ್ನಾಳದ ಚಿತ್ರಗಾರರು ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಗರುಡನನ್ನು ಕಂಡವರು, ಬಾಲದ ಮೇಲೇರಬಲ್ಲ ಗರುಡ ನಮ್ಮಲ್ಲೂ ಇತ್ತಲ್ಲ ಎಂದುಕೊಂಡರೆ ತಪ್ಪಿಲ್ಲ. ಏರ್ ಇಂಡಿಯಾದ ಕಡಿಮೆ ದರದ ಅಂಗಸಂಸ್ಥೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರ ಅಕ್ಟೋಬರಿನಿಂದ ಪ್ರತಿ ವಿಮಾನದ ಬಾಲಕ್ಕೂ ದೇಶದ ಬೇರೆ ಬೇರೆ ಜವಳಿ ಮಾದರಿಗಳನ್ನು ಏರಿಸುವ ದಾರಿ ಹಿಡಿದಿದೆ. ಬ್ರಿಟಿಷ್ ಏರ್‌ವೇಸ್ ಸೋತ ಉಪಾಯವೇ ಇದು. ಆದರೆ ಇಲ್ಲಿ ಚಿತ್ತಾರ ಹೊರಗಿನದಲ್ಲ, ತೆಗೆದುಹಾಕಲು ಧ್ವಜವೂ ಇರಲಿಲ್ಲ. ಹಾಗಾಗಿ ಯಾರೂ ಕರವಸ್ತ್ರ ಹುಡುಕಲಿಲ್ಲ.

ಬಣ್ಣ ಬಳಿಯಲು ಇಷ್ಟು ಕಾಲ ಏಕೆ?

ಜಾಲತಾಣ, ಆ್ಯಪ್, ಜಾಹೀರಾತುಗಳಲ್ಲಿ ಲಾಂಛನ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ. ವಿಮಾನದ ಮೇಲೆ ಹಾಗಾಗದು. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ‘ಕಲ್ಯಾಣ ಕರ್ನಾಟಕ’ ಆದಾಗ ಹೆಸರು ಆದೇಶದಲ್ಲಿ ಮೊದಲು ಬದಲಾಗಿ, ಬಸ್ಸುಗಳ ಮೈ ಮೇಲೆ ನಿಧಾನವಾಗಿ ಬದಲಾದದ್ದನ್ನು ಈ ಮೂರೂ ಜಿಲ್ಲೆಗಳವರು ನೋಡಿದ್ದಾರೆ. ವಿಮಾನದಲ್ಲಿ ಆ ಕೆಲಸ ಇನ್ನೂ ತ್ರಾಸದ್ದು.

ಮೊದಲು ಹಳೆಯ ಬಣ್ಣವನ್ನು ಪೂರ್ತಿ ಕಿತ್ತು ತೆಗೆಯಬೇಕು. ಅದರ ಮೇಲೆಯೇ ಬಳಿದರೆ ತೂಕ ಏರುತ್ತದೆ. ದೊಡ್ಡ ವಿಮಾನವೊಂದರ ಬಣ್ಣವೇ ನೂರಾರು ಕಿಲೋ ತೂಗುತ್ತದೆ, ತೂಕ ಏರಿದಷ್ಟೂ ಇಂಧನ ಹೆಚ್ಚು ಬೇಕು. ಬಾಲದಲ್ಲಿ ಅಲುಗಾಡುವ ಭಾಗಗಳಿಗೆ ಬಣ್ಣ ಬಳಿದ ಮೇಲೆ ಅವುಗಳ ಸಮತೋಲವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಒಂದೆರಡು ವಾರ ವಿಮಾನ ಶೆಡ್ಡಿನಲ್ಲಿ ನಿಂತರೆ ಅಷ್ಟು ದಿನದ ಗಳಿಕೆ ಖೋತಾ. ಆದ್ದರಿಂದ ಕಂಪನಿಗಳು ದೊಡ್ಡ ತಪಾಸಣೆಗೆ ವಿಮಾನ ನಿಲ್ಲುವ ಸರದಿ ಬರುವವರೆಗೆ ಕಾಯುತ್ತವೆ. ಬಾಡಿಗೆ ಮುಗಿದು ಸದ್ಯದಲ್ಲೇ ಹಿಂದಿರುಗಿಸಬೇಕಾದ ವಿಮಾನಕ್ಕಂತೂ ಹೊಸ ಬಣ್ಣ ಬಳಿಯುವ ಗೋಜಿಗೆ ಹೋಗುವುದಿಲ್ಲ.

ಏರ್ ಇಂಡಿಯಾ ಇದಕ್ಕೆ ಇನ್ನೊಂದು ಕೆಲಸವನ್ನೂ ಜೋಡಿಸಿತು. ಹಳೆಯ 67 ವಿಮಾನಗಳ ಸೀಟು, ಪರದೆ, ಒಳಾಂಗಣವನ್ನೆಲ್ಲ ಬದಲಿಸಲು 40 ಕೋಟಿ ಡಾಲರಿನ ಯೋಜನೆ ಹಾಕಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಸಣ್ಣ ವಿಮಾನಗಳಿಂದ ಆರಂಭಿಸಿತು. ದೊಡ್ಡ ಬೋಯಿಂಗ್ 787ರ ಸರದಿ ಬಂದದ್ದು 2025ರಲ್ಲಿ. ಬಾಲಕ್ಕೆ ಮಾತ್ರ ಬೇಗ ಬಣ್ಣ ಬಳಿದು ಒಳಗೆ ಮುರಿದ ಸೀಟು ಹಾಗೇ ಇಟ್ಟರೆ ಹೊಸ ಲಾಂಛನವೇ ಹಾಸ್ಯದ ವಸ್ತುವಾಗುತ್ತದೆ. ಈ ದೃಷ್ಟಿಯಿಂದ ನಿಧಾನವೇ ಜಾಣತನ. ಅದರ ಬೆಲೆಯೇ ಈಗ ಕಾಣುತ್ತಿರುವ ಹಲವು ಮುಖಗಳ ಗೊಂದಲ.

ಶ್ರೀಸಾಮಾನ್ಯನ ಜಾಗಕ್ಕೆ ಮಿಂಚುಳ್ಳಿ

ಲಾಂಛನದ ಹಿಂದೆ ಸರ್ಕಾರಿ ನಿಯಮ ಹೇಗೆ ಅಡಗಿರುತ್ತದೆ ಎನ್ನುವುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಕಡಿಮೆ ದರದ ವಿಮಾನಗಳನ್ನು ದೇಶಕ್ಕೆ ಪರಿಚಯಿಸಿತು. ಅದರ ಪ್ರಚಾರದ ಮುಖ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. 2007ರಲ್ಲಿ ವಿಜಯ್ ಮಲ್ಯ ಅದರಲ್ಲಿ ಪಾಲು ಕೊಂಡರು. 2008ರ ಆಗಸ್ಟ್ ಹೊತ್ತಿಗೆ ಡೆಕ್ಕನ್ ಹೆಸರು ಹೋಗಿ ‘ಕಿಂಗ್‌ಫಿಷರ್ ರೆಡ್’ ಬಂದಿತು, ಶ್ರೀಸಾಮಾನ್ಯನ ಜಾಗದಲ್ಲಿ ಬಿಯರ್ ಬಾಟಲಿಯ ಮಿಂಚುಳ್ಳಿ ಕುಳಿತಿತು.

ಆ ಆತುರಕ್ಕೆ ಒಂದು ಕಾರಣವಿತ್ತು. ಐದು ವರ್ಷ ದೇಶದೊಳಗೆ ಹಾರಿ, ಕನಿಷ್ಠ 20 ವಿಮಾನ ಹೊಂದಿದ ಕಂಪನಿಗೆ ಮಾತ್ರ ಆಗ ವಿದೇಶಕ್ಕೆ ಹಾರಲು ಅನುಮತಿ. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್‌ಗೆ ಆ ವಯಸ್ಸಾಗಿರಲಿಲ್ಲ. ಡೆಕ್ಕನ್‌ಗೆ 2008ರ ಆಗಸ್ಟಿಗೆ ಐದು ತುಂಬುತ್ತಿತ್ತು. ಹಾಗಾಗಿ ಕಾಗದದಲ್ಲಿ ಉಳಿದದ್ದು ಡೆಕ್ಕನ್ ಕಂಪನಿ, ಹೆಸರು ಮಾತ್ರ ಕಿಂಗ್‌ಫಿಷರ್ ಎಂದಾಯಿತು. ಮುಂದಿನ ತಿಂಗಳೇ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹೊರಟಿತು. ಬಾಲ ನೋಡಿದವರಿಗೆ ಕಿಂಗ್‌ಫಿಷರ್ ಡೆಕ್ಕನ್ನನ್ನು ನುಂಗಿದಂತೆ ಕಂಡಿತು, ಕಾನೂನಿನ ಲೆಕ್ಕದಲ್ಲಿ ಅದು ಡೆಕ್ಕನ್ನಿನ ಹೊಟ್ಟೆಯೊಳಗೇ ಸೇರಿಕೊಂಡಿತ್ತು. 2012ರ ಅಕ್ಟೋಬರಿನಲ್ಲಿ ಎಲ್ಲವೂ ನೆಲಕ್ಕಿಳಿದವು.

ತೋರಣಗಲ್ಲಿನಲ್ಲಿ ಕಾಣುವುದು

ಬಳ್ಳಾರಿ ಜಿಲ್ಲೆಗೆ ಇರುವ ವಿಮಾನ ಸಂಪರ್ಕ ತೋರಣಗಲ್ಲಿನ ಜಿಂದಾಲ್ ಒಡೆತನದ ವಿದ್ಯಾನಗರ ನಿಲ್ದಾಣದ್ದು. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂದ ಮೇಲೆ ಇಲ್ಲಿಗೆ ಟ್ರೂಜೆಟ್ ಬಂದಿತು. 2022ರಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ನಂತರದ ವರ್ಷಗಳಲ್ಲಿ ಅಲಯನ್ಸ್ ಏರ್, ಸ್ಟಾರ್ ಏರ್ ಹೆಸರುಗಳು ಕೇಳಿಬಂದವು. ಇಲ್ಲಿ ಬದಲಾಗುತ್ತಿರುವುದು ಒಂದೇ ಕಂಪನಿಯ ಲಾಂಛನವಲ್ಲ, ಕಂಪನಿಗಳೇ. ಉಡಾನ್ ಮಾರ್ಗಕ್ಕೆ ಸರ್ಕಾರದ ಸಹಾಯಧನವೂ, ಬೇರೆಯವರು ಪೈಪೋಟಿಗೆ ಬಾರದಂತೆ ಏಕಸ್ವಾಮ್ಯವೂ ಮೂರು ವರ್ಷ ಸಿಗುತ್ತವೆ. ಅಷ್ಟರಲ್ಲಿ ಸೀಟು ತುಂಬುವ ಅಭ್ಯಾಸ ಬೆಳೆಯದಿದ್ದರೆ ಕಂಪನಿ ಗಂಟುಮೂಟೆ ಕಟ್ಟುತ್ತದೆ. ಯರಮರಸಿನಲ್ಲಿ ನಿಲ್ದಾಣ ಬೇಕೆನ್ನುವ ರಾಯಚೂರಿನವರೂ, ಗಿಣಿಗೇರಿಯ ಖಾಸಗಿ ರನ್‌ವೇ ಕಡೆ ಕಣ್ಣಿಟ್ಟಿರುವ ಕೊಪ್ಪಳದವರೂ ಕಟ್ಟಡದ ಜೊತೆಗೆ ಈ ಮೂರು ವರ್ಷದ ಲೆಕ್ಕವನ್ನೂ ಕೇಳಬೇಕಾಗಿದೆ.

ಅಲಯನ್ಸ್ ಏರ್ ಕುರಿತು ಇನ್ನೊಂದು ಗೊಂದಲವಿದೆ. ಅದರ ಸಣ್ಣ ಎಟಿಆರ್ ವಿಮಾನಗಳು ಬಹುಕಾಲ ಏರ್ ಇಂಡಿಯಾದ ಹೆಸರನ್ನೂ ಹಂಸವನ್ನೂ ಹೊತ್ತಿದ್ದವು. ಟಾಟಾ ಸಮೂಹಕ್ಕೆ ಮಾರಿದ್ದರಲ್ಲಿ ಅದು ಸೇರಿರಲಿಲ್ಲ. ಇಂದಿಗೂ ಅದು ಸರ್ಕಾರದ್ದೇ. ಹಂಸ ಕಂಡು ಟಾಟಾದ್ದೆಂದು ತಿಳಿದವರೂ, ಟಾಟಾಕ್ಕೆ ದೂರು ಬರೆದವರೂ ತಪ್ಪು ಬಾಗಿಲು ತಟ್ಟಿದಂತೆ.

ಪ್ರಯಾಣಿಕ ಓದಬೇಕಾದ್ದು

ಬಾಲಕ್ಕಿಂತ ಟಿಕೆಟಿನ ಎರಡಕ್ಷರ ಹೆಚ್ಚು ನಿಜ ಹೇಳುತ್ತದೆ. ‘ಎಐ’ ಏರ್ ಇಂಡಿಯಾ, ‘ಐಎಕ್ಸ್’ ಏರ್ ಇಂಡಿಯಾ ಎಕ್ಸ್‌ಪ್ರೆಸ್, ‘9ಐ’ ಅಲಯನ್ಸ್ ಏರ್, ‘ಎಸ್5’ ಸ್ಟಾರ್ ಏರ್, ‘6ಇ’ ಇಂಡಿಗೊ. ವಿಸ್ತಾರದಿಂದ ಬಂದ ವಿಮಾನಗಳನ್ನು ಗುರುತಿಸಲು ವಿಲೀನದ ಸಮಯದಲ್ಲಿ ಎಐ ನಂತರದ ಸಂಖ್ಯೆಯನ್ನು 2ರಿಂದ ಆರಂಭಿಸಲಾಯಿತು. ಬಾಲದಲ್ಲಿ ಏನೇ ಇದ್ದರೂ ಊಟ, ಸಾಮಾನಿನ ತೂಕ, ಸೀಟಿನ ಅಳತೆ ಯಾವುದೆಂದು ತಿಳಿಯಲು ಈ ಒಂದು ಅಂಕಿ ಸಾಕಾಗುತ್ತಿತ್ತು.

ಒಂದು ಕಂಪನಿ ಮಾರಿದ ಟಿಕೆಟಿನಲ್ಲಿ ಇನ್ನೊಂದು ಕಂಪನಿ ಹಾರಿಸುವುದೂ ಉಂಟು. ಆಗ ಹಾರಿಸುವವರು ಯಾರೆಂದು ಟಿಕೆಟಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ವಿಮಾನ ತಡವಾದರೆ, ರದ್ದಾದರೆ, ಸೀಟು ನಿರಾಕರಿಸಿದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ ಮೊದಲು ಕೇಳಬೇಕಾದ್ದು ಹಾರಿಸುವ ಕಂಪನಿಯನ್ನು. ಅಲ್ಲಿ ಲಾಂಛನದ ಫೋಟೊ ಸಾಕ್ಷಿಯಾಗದು, ಬೋರ್ಡಿಂಗ್ ಪಾಸ್ ಆಗುತ್ತದೆ.

ಹಂಸ ಯಾರ ಸ್ವತ್ತು?

ಮಾರಾಟದ ಷರತ್ತಿನಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿತ್ತು. ಹೆಸರುಗಳ ಜೊತೆಗೆ ಎಂಟು ಲಾಂಛನಗಳು ಟಾಟಾ ಸಮೂಹಕ್ಕೆ ಹೋದವು. ಐದು ವರ್ಷ ಅವುಗಳನ್ನು ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೂ ಕೊಡುವುದಾದರೆ ಭಾರತೀಯರಿಗೆ ಮಾತ್ರ. 2022ರ ಜನವರಿಯಿಂದ ಎಣಿಸಿದರೆ ಆ ಐದು ವರ್ಷ 2027ರ ಜನವರಿಗೆ ತುಂಬುತ್ತದೆ. ಇಟ್ಟುಕೊಳ್ಳಬೇಕೆಂದು ಷರತ್ತು ಹೇಳಿತ್ತೇ ಹೊರತು ವಿಮಾನದ ಮೇಲೆ ಬಳಸಬೇಕೆಂದು ಹೇಳಿರಲಿಲ್ಲ. ಎರಡು ವರ್ಷ ತುಂಬುವ ಮೊದಲೇ ಹಂಸವನ್ನು ಬದಿಗಿಡಲು ಸಾಧ್ಯವಾದದ್ದು ಈ ವ್ಯತ್ಯಾಸದಿಂದ.

ಬದಿಗಿಟ್ಟದ್ದನ್ನು ಪೂರ್ತಿ ಮರೆಯುವಂತೆಯೂ ಇಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ನೋಂದಾಯಿತ ಗುರುತನ್ನು ಐದು ವರ್ಷಕ್ಕೂ ಮೀರಿ ಸತತವಾಗಿ ಬಳಸದೆ ಬಿಟ್ಟರೆ, ಅದನ್ನು ಪಟ್ಟಿಯಿಂದ ತೆಗೆಯುವಂತೆ ಬೇರೆಯವರು ಅರ್ಜಿ ಹಾಕಬಹುದು. ಮಹಾರಾಜನನ್ನು ಕ್ಲಬ್ಬಿನ ಹೆಸರಿನಲ್ಲಿ ಚಲಾವಣೆಯಲ್ಲಿ ಇಟ್ಟಿರುವುದರಿಂದ ಆಗುವ ಕಾನೂನಿನ ಲಾಭವೂ ಇದೇ. ಬಣ್ಣದ ಶೆಡ್ಡಿಗೆ ಇನ್ನೂ ಹೋಗದ ವಿಮಾನವೊಂದು ಹಂಸ ಹೊತ್ತು ಹಾರುತ್ತಿರುವವರೆಗೂ ಹಂಸದ ಗಡುವು ಶುರುವಾಗುವುದಿಲ್ಲ. ಕೊನೆಯ ವಿಮಾನಕ್ಕೆ ಬಣ್ಣ ಬಳಿದ ಮೇಲೆ ಟಾಟಾ ಸಮೂಹ ಅದನ್ನು ಮಹಾರಾಜನ ಹಾಗೆ ಎಲ್ಲಾದರೂ ಬಳಕೆಯಲ್ಲಿ ಉಳಿಸಿಕೊಳ್ಳುತ್ತದೆಯೇ, ಕೈಬಿಡುತ್ತದೆಯೇ ಎನ್ನುವುದು ಅಲ್ಲಿಂದ ಮುಂದಿನ ಐದು ವರ್ಷಗಳಲ್ಲಿ ತೀರ್ಮಾನವಾಗಬೇಕು.